ಗೇಟಿನಿಂದ ತಿರುವಿನವರೆಗೆ

ಒಂಬತ್ತು ವರ್ಷ ಮಕ್ಕಳ ಮೂಗು ಒರೆಸಿದ ಕೈಗೆ ಮೊದಲ ಸಲ ಬರೆಯುವ ಕೆಲಸ ಸಿಕ್ಕಿತ್ತು. ಮುಂದಿನ ವರ್ಷದಿಂದ ಶಿಶುವಿಹಾರದ ನಾಲ್ಕು ವರ್ಷದ ಮಕ್ಕಳಿಗೂ ಸಮಾಜ ಪರಿಚಯ ಅಂತ ಒಂದು ಪಾಠ ಇರಲಿ, ಮೂವತ್ತು ವಾರಕ್ಕೆ ಯೋಜನೆ ನೀವೇ ಮಾಡಿ ಎಂದು ಹೆಡ್ ಮೇಡಂ ಹೇಳಿದಾಗ ಟೀಚರ್ ಹಿಂದೆ ತಿರುಗಿ ನೋಡಿದ್ದಳು, ಇನ್ಯಾರಿಗಾದರೂ ಹೇಳುತ್ತಿದ್ದಾರೇನೋ ಅಂತ. ಹಿಂದೆ ಗೋಡೆ ಬಿಟ್ಟರೆ ಯಾರೂ ಇರಲಿಲ್ಲ. ಬರುವ ಶುಕ್ರವಾರ ಬಿಟ್ಟು ಅದರ ಮುಂದಿನ ಶುಕ್ರವಾರ ಶಾಲೆಯ ಕಮಿಟಿ ಸೇರುತ್ತದೆ. ಅವರು ಒಪ್ಪಿದರೆ ಅವಳ ಪಾಠ. ಒಪ್ಪದಿದ್ದರೆ ಪ್ರಕಾಶಕರು ಕಳಿಸಿದ ಬಣ್ಣದ ಪುಸ್ತಕ ತರಿಸುವುದು, ಅಷ್ಟೆ. ಬರೀ ಆರು ತಿಂಗಳ ಕೋರ್ಸು ಮಾಡಿದವಳಿಗೆ ಇದೆಲ್ಲ ಯಾಕಪ್ಪಾ ಅಂತ ಸ್ಟಾಫ್ ರೂಮಿನಲ್ಲಿ ಒಂದಿಬ್ಬರು ಮುಖ ಮುಖ ನೋಡಿಕೊಂಡದ್ದು ಅವಳ ಕಣ್ಣಿಗೆ ಬಿದ್ದಿತ್ತು. ಬಿದ್ದದ್ದೇ ಒಳ್ಳೆಯದಾಯಿತು. ಅವತ್ತಿನಿಂದ ಅವಳು ಕಚ್ಚೆ ಕಟ್ಟಿ ನಿಂತಳು.

ಮನೆಯಲ್ಲಿ ಬರೆಯಲು ಇದ್ದದ್ದು ಒಂದೇ ಮೇಜು, ಅತ್ತೆಯ ಕತ್ತರಿಸುವ ಮೇಜು. ಅತ್ತೆ ನಲವತ್ತು ವರ್ಷದ ಟೈಲರ್. ಮಕ್ಕಳ ಬಟ್ಟೆಗೆ ಬೀದಿ ಬೀದಿಯಿಂದ ಅವರನ್ನೇ ಹುಡುಕಿಕೊಂಡು ಬರುತ್ತಿದ್ದರು, ಯಾಕೆಂದರೆ ಅವರು ಹೊಲಿದ ಫ್ರಾಕಿನ ಒಳಗೆ ಮೂರು ಬೆರಳಿನಷ್ಟು ಮಡಿಕೆ ಇರುತ್ತಿತ್ತು. ಮಗು ಬೆಳೆದರೆ ಬಿಚ್ಚಿ ಇಳಿಸಿದರಾಯಿತು, ಇನ್ನೊಂದು ವರ್ಷ ನಡೆಯುತ್ತಿತ್ತು. ಹೊಗಳುವುದರಲ್ಲಿ ಮಾತ್ರ ಮಹಾ ಜಿಪುಣಿ. ತಾವೇ ಹೊಲಿದದ್ದು ಅಚ್ಚುಕಟ್ಟಾಗಿ ಬಂದರೂ ದೂರ ಹಿಡಿದು ನೋಡಿ, ‘ಹ್ಞೂಂ’ ಎನ್ನುತ್ತಿದ್ದರು. ಅದಕ್ಕಿಂತ ದೊಡ್ಡ ಪದಕ ಆ ಮನೆಯಲ್ಲಿ ಇರಲಿಲ್ಲ. ಮದುವೆಯಾಗಿ ಬಂದ ಸೊಸೆಗೆ ಅದು ಇದುವರೆಗೆ ಒಂದು ಸಲವೂ ಸಿಕ್ಕಿರಲಿಲ್ಲ.

ಸೀಮೆಸುಣ್ಣದ ಗೆರೆಗಳ ಮೇಲೇ ಹಾಳೆ ಹರಡಿ ಟೀಚರ್ ಬರೆದಳು. ಮೊದಲ ವಾರ ಕುಟುಂಬ, ಎರಡನೆಯದು ಮನೆ, ಆಮೇಲೆ ಅಂಚೆ ಕಚೇರಿ, ಬ್ಯಾಂಕು, ಆಸ್ಪತ್ರೆ, ಅಗ್ನಿಶಾಮಕ ಠಾಣೆ. ಇಪ್ಪತ್ತೇಳನೇ ವಾರಕ್ಕೆ ನ್ಯಾಯಾಲಯ. ಪ್ರತಿ ಚೌಕಕ್ಕೂ ಒಂದೊಂದು ಬಣ್ಣ. ಅತ್ತೆ ಸೂಜಿಗೆ ದಾರ ಪೋಣಿಸುತ್ತಾ ಇಣುಕಿದರು.

“ಏನಮ್ಮಾ, ನಾಕು ವರ್ಷದ ಕೂಸುಗಳಿಗೆ ಕೋರ್ಟು ಯಾಕೆ? ಯಾರ ಮೇಲೆ ಕೇಸ್ ಹಾಕಬೇಕಂತೆ?”

ನಗುತ್ತಲೇ ಟೀಚರ್ ಮುಂದುವರಿಸಿದಳು. ಬರೀ ಹಾಳೆಯ ಮೇಲಿನ ಪಾಠ ಬೇಡ, ಮಕ್ಕಳು ನಡೆದು ಹೋಗಿ ಕಣ್ಣಾರೆ ನೋಡಬೇಕು ಅನ್ನುವುದು ಅವಳ ಹಟ. ಅದಕ್ಕಾಗಿ ತಾನೇ ನಡೆದು ಎಣಿಸಿದ್ದಳು, ಶಾಲೆಯ ಗೇಟಿನಿಂದ ಅಂಚೆ ಕಚೇರಿಗೆ ನಾನೂರು ಹೆಜ್ಜೆ. ಅವಳಿಗೆ ಐದು ನಿಮಿಷ. ಮಕ್ಕಳಲ್ಲವೇ, ಧಾರಾಳವಾಗಿ ಹತ್ತು ನಿಮಿಷ ಎಂದು ಬರೆದಳು.

ಸೋಮವಾರ ಹೆಡ್ ಮೇಡಂ ಎದುರಿಗೇ ಪ್ರಯೋಗ ಮಾಡಿ ನೋಡುವುದೆಂದಾಯಿತು. ಉದ್ದನೆಯ ಹಗ್ಗಕ್ಕೆ ಹದಿನೆಂಟು ಗಂಟು, ಒಂದೊಂದು ಗಂಟಿಗೆ ಒಂದೊಂದು ಮಗು. ಅದರಲ್ಲಿ ಐದನೇ ಗಂಟಿಗೆ ಅವಳದೇ ಮಗಳು, ಅಜ್ಜಿಯ ಗುಂಡಿಗಳ ಡಬ್ಬಿಯಲ್ಲಿ ಕೈ ಹಾಕಿ ಹಾಕಿ ಗುಂಡಿ ಎಂದೇ ಹೆಸರಾದವಳು. ಅಂಗಿಯ ಗುಂಡಿಯ ಹಾಗೇ ದುಂಡಗಿದ್ದಳು ಕೂಡ. ಗೇಟು ದಾಟಿದ್ದೇ ತಡ, ಇರುವೆ ಸಾಲು ಕಂಡು ಹಗ್ಗ ನಿಂತಿತು. ಇರುವೆ ಮುಗಿದ ಮೇಲೆ ಚರಂಡಿಯ ಮುಚ್ಚಳ. ಆಮೇಲೆ ಕಾವಲುಗಾರನ ಸ್ಟೂಲಿನ ಕೆಳಗಿದ್ದ ಬೆಕ್ಕು. ಮುಂದಿನವರು ಎಳೆದರೆ ಹಿಂದಿನವರು ಬಿದ್ದರು, ಹಿಂದಿನವರು ಎದ್ದಾಗ ಮುಂದಿನವರು ಕೂತರು. ಒಂದು ಗಂಟೆ ಕಳೆದರೂ ಬೀದಿಯ ತಿರುವು ಮುಟ್ಟಿರಲಿಲ್ಲ. ಇಬ್ಬರು ಚಡ್ಡಿ ಒದ್ದೆ ಮಾಡಿಕೊಂಡರು, ಅವರನ್ನು ನೋಡಿ ಮೂರನೆಯವನಿಗೂ ನೆನಪಾಯಿತು. ಅಂಚೆ ಕಚೇರಿ ಎಲ್ಲಿತ್ತೋ ಅಲ್ಲೇ ಉಳಿಯಿತು. ಹೆಡ್ ಮೇಡಂ ಬೈಯಲಿಲ್ಲ, ಅದೇ ಕಷ್ಟವಾಗಿದ್ದು. ಪಾಪ, ಶ್ರಮ ಪಟ್ಟಿದ್ದೀರಿ, ಈ ಸಲಕ್ಕೆ ಪುಸ್ತಕವನ್ನೇ ತರಿಸೋಣ ಬಿಡಿ ಎಂದರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಕಮಿಟಿಯವರು ಒಮ್ಮೆಯಾದರೂ ನೋಡಲಿ ಮೇಡಂ ಎಂದು ಟೀಚರ್ ಕೇಳಿಕೊಂಡಳು. ನೋಡಲಿ, ಆದರೆ ಇದನ್ನಲ್ಲ ಎಂದರು ಅವರು.

ಸಂಜೆ ಅವಳು ಮೇಜಿನ ಮೇಲಿನ ಹಾಳೆಗಳನ್ನು ಸುಮ್ಮನೆ ಜೋಡಿಸುವುದೂ ಕೆಡಿಸುವುದೂ ಮಾಡುತ್ತಿದ್ದಳು. ನಡೆದದ್ದನ್ನು ಗುಂಡಿ ಆಗಲೇ ಅಜ್ಜಿಗೆ ಉಪ್ಪು ಖಾರ ಹಚ್ಚಿ ಹೇಳಿಯಾಗಿತ್ತು. ಅತ್ತೆ ಮಷೀನು ನಿಲ್ಲಿಸಿದರು.

“ಅಳತೆ ಯಾರ ಮೈಮೇಲೆ ತಗೊಂಡಿದ್ದೆ?”

“ಅಳತೆ ಏನು ಅತ್ತೆ, ನಾನೇ ನಡೆದು ಎಣಿಸಿದ್ದೆ.”

“ಅಂದ್ರೆ ನಿನ್ನ ಅಳತೆಗೆ ಕತ್ತರಿಸಿ ಗುಂಡಿಗೆ ತೊಡಿಸಿದೀಯ. ತೋಳು ನೆಲ ಗುಡಿಸದೆ ಇನ್ನೇನು ಮಾಡುತ್ತೆ? ಬಟ್ಟೆ ಚೆನ್ನಾಗೇ ಇದೆ. ಹಾಕ್ಕೊಳ್ಳೋರು ಬೇರೆ, ಅಷ್ಟೆ.”

ಮಾತು ಚುರುಕ್ಕೆಂದಿತು, ಆದರೆ ಸುಳ್ಳಾಗಿರಲಿಲ್ಲ. ಅತ್ತೆ ಕೊರಳಿನಿಂದ ಟೇಪು ತೆಗೆದು ಮೊಮ್ಮಗಳನ್ನು ಗೋಡೆಗೆ ಒರಗಿಸಿ ನಿಲ್ಲಿಸಿದರು. ನೆಲದಿಂದ ಕಣ್ಣಿಗೆ ಮೂವತ್ತೈದು ಇಂಚು. ಒಂದು ಹೆಜ್ಜೆಗೆ ಹದಿಮೂರು. ಬರ್ಕೋ ಎಂದರು. ಸೊಸೆ ಬರೆದುಕೊಂಡಳು.

ಭಾನುವಾರ ಬೆಳಿಗ್ಗೆ ತಾಯಿ ಮಗಳು ಇಬ್ಬರೇ ಶಾಲೆಯ ಗೇಟಿನ ಮುಂದೆ ನಿಂತರು. ಈ ಸಲ ಹಗ್ಗವಿಲ್ಲ, ಬಾ ಬಾ ಎನ್ನುವುದಿಲ್ಲ. ಗುಂಡಿ ನಿಂತಲ್ಲಿ ನಿಲ್ಲುವುದು, ಬರೆಯುವುದು. ಆದರೆ ನಿಂತು ಬರೆಯುವಾಗ ಟೀಚರಿಗೆ ತನ್ನ ಎತ್ತರದ್ದೇ ಕಾಣುತ್ತಿತ್ತು. ಅಂಗಡಿಗಳ ಬೋರ್ಡು, ತಂತಿ, ಬಾಲ್ಕನಿ. ಕೊನೆಗೆ ನಾಚಿಕೆ ಬಿಟ್ಟು ಮೊಣಕಾಲೂರಿದಳು. ಅತ್ತೆಯ ಟೇಪನ್ನು ನೆಲಕ್ಕೆ ಊರಿ ಹಿಡಿದು ಅದರ ಮೂವತ್ತೈದನೇ ಇಂಚಿಗೆ ಕಣ್ಣು ತಂದಳು. ಬೀದಿ ಬೇರೆಯೇ ಆಯಿತು. ಬೋರ್ಡುಗಳೆಲ್ಲ ಆಕಾಶಕ್ಕೆ ಹೋದವು. ಕಂಡದ್ದು ಚಪ್ಪಲಿಗಳು, ಗೋಡೆಯ ಬುಡದ ನಲ್ಲಿ, ಮೇಜುಗಳ ಅಡಿ, ಕೂತು ಕೆಲಸ ಮಾಡುವವರ ಮುಖ. ನಿಂತವರಿಗೆ ಮುಖವೇ ಇರಲಿಲ್ಲ, ಕೂತವರಿಗೆ ಮಾತ್ರ ಇತ್ತು.

“ಏನ್ ಟೀಚರಮ್ಮ, ಕಿವಿಯೋಲೆ ಬಿತ್ತಾ?” ಎಂದು ಇಸ್ತ್ರಿ ಅಂಗಡಿಯವನು ಪೆಟ್ಟಿಗೆ ಬದಿಗಿಟ್ಟು ಬಂದು ತಾನೂ ಬಗ್ಗಿದ. ಅವನು ಬಗ್ಗಿದ್ದು ನೋಡಿ ಹಾಲಿನ ಅಂಗಡಿಯವಳು ಬಂದಳು, ದಾರಿಯಲ್ಲಿ ಹೋಗುತ್ತಿದ್ದ ಮುದುಕರೊಬ್ಬರು ಕೋಲಿನಿಂದ ಕಸ ಕೆದಕತೊಡಗಿದರು. ಚಿನ್ನದ್ದಾ ಎಂದು ಒಬ್ಬರು, ಯಾವ ಕಿವಿಯದು ಎಂದು ಇನ್ನೊಬ್ಬರು. ಅವಳ ಎರಡೂ ಕಿವಿಯಲ್ಲಿ ಓಲೆ ನೇತಾಡುತ್ತಿದ್ದವು, ಅದನ್ನು ಯಾರೂ ನೋಡಲಿಲ್ಲ. ಗುಂಡಿಯಂತೂ ಬಹಳ ಶ್ರದ್ಧೆಯಿಂದ ಹುಡುಕುತ್ತಿದ್ದಳು. ಏನೂ ಬಿದ್ದಿಲ್ಲ, ಮಕ್ಕಳಿಗೆ ಏನು ಕಾಣುತ್ತೆ ನೋಡುತ್ತಿದ್ದೇನೆ ಎಂದು ಟೀಚರ್ ಹೇಳಿದಾಗ ಎಲ್ಲರೂ ಮಂಡಿಯ ಧೂಳು ಕೊಡವಿಕೊಂಡು ನಕ್ಕರು. ಕೇಳದೆಯೇ ಮೂರು ಜನ ಬಗ್ಗಿದ್ದರಲ್ಲ, ಅವಳು ಅದನ್ನೂ ಬರೆದುಕೊಂಡಳು.

ಅಷ್ಟರಲ್ಲಿ ಗುಂಡಿ ಇಸ್ತ್ರಿ ಮೇಜಿನ ಕೆಳಗಿನ ಗಂಟುಗಳನ್ನು ಎಣಿಸಿ, ಇಷ್ಟೊಂದು ಬಟ್ಟೆ ನಿನ್ನವಾ ಎಂದು ಕೇಳಿದ್ದಳು. ಒಂದೂ ನನ್ನದಲ್ಲ ಪುಟ್ಟಿ ಎಂದಿದ್ದ ಅವನು. ಅದರಿಂದ ಅವಳಿಗೆ ಸಮಾಧಾನವಾಗಲಿಲ್ಲ. ಬೇರೆಯವರದ್ದೆಲ್ಲ ಇಟ್ಟುಕೊಂಡ ಮನುಷ್ಯನನ್ನು ತಿರುತಿರುಗಿ ನೋಡುತ್ತಾ ಮುಂದೆ ಹೋಗಿ, ತಿರುವಿನಲ್ಲಿ ನೆಲದ ಮೇಲೆ ಚೀಲ ಹಾಸಿ ಕೂತಿದ್ದ ಬೀಗದ ಕೈ ಮಾಡುವವನ ಮುಂದೆ ಗಟ್ಟಿಯಾಗಿ ನಿಂತುಬಿಟ್ಟಳು. ಇಬ್ಬರ ಕಣ್ಣೂ ಒಂದೇ ಮಟ್ಟದಲ್ಲಿದ್ದವು.

“ಎಲ್ಲರ ಮನೆ ಬೀಗದ ಕೈ ಮಾಡೋಕೆ ನಿಂಗೆ ಬರುತ್ತಾ?”

“ಬರುತ್ತಮ್ಮ.”

“ಹಂಗಾದ್ರೆ ಅವರಿಗೆಲ್ಲ ನಿನ್ನ ಕಂಡ್ರೆ ಭಯ ಆಗಲ್ವಾ?”

ಅರದಿಂದ ಕಬ್ಬಿಣ ಉಜ್ಜುತ್ತಿದ್ದ ಕೈ ನಿಂತಿತು. ಅವನು ನಗಲಿಲ್ಲ, ದೊಡ್ಡವರಿಗೆ ಹೇಳುವ ಹಾಗೇ ಹೇಳಿದ.

“ಅದಕ್ಕೇ ಪುಟ್ಟಿ, ನಾನು ದಿನಾ ಇಲ್ಲೇ ಕೂರ್ತೀನಿ. ಎಲ್ಲರಿಗೂ ಕಾಣೋ ಜಾಗದಲ್ಲಿ.”

ಟೀಚರ್ ಆ ಎರಡು ಸಾಲನ್ನು ಬರೆದುಕೊಂಡಳು. ಗೇಟಿನಿಂದ ತಿರುವಿಗೆ ಮಗಳ ನೂರಿಪ್ಪತ್ತು ಹೆಜ್ಜೆ, ಐವತ್ತು ನಿಮಿಷ, ಹತ್ತೊಂಬತ್ತು ಕಡೆ ನಿಂತದ್ದು. ಒಂದು ವರ್ಷಕ್ಕೆ ಇಷ್ಟು ಧಾರಾಳ ಸಾಕು.

ಶುಕ್ರವಾರ ಕಮಿಟಿಯ ಸಭೆ ಹೆಡ್ ಮೇಡಂ ಕೋಣೆಯಲ್ಲಿ ಬೇಡ, ನನ್ನ ತರಗತಿಯಲ್ಲೇ ಆಗಲಿ ಎಂದು ಅವಳು ಕೇಳಿಕೊಂಡಿದ್ದಳು. ಅಲ್ಲಿ ಇದ್ದವು ಮಕ್ಕಳ ಕುರ್ಚಿಗಳು ಮಾತ್ರ. ಅಧ್ಯಕ್ಷರು ಆರಡಿ ಆಳು, ಮೊಣಕಾಲು ಗಲ್ಲಕ್ಕೆ ತಾಗುವ ಹಾಗೆ ಕೂತು ಹಾಳೆ ತಿರುವಿದರು. ಮೊದಲ ವಾರ ಬೆಂಚಿನಿಂದ ಬಾಗಿಲಿಗೆ, ಎರಡನೇ ವಾರ ಬಾಗಿಲಿನಿಂದ ನಲ್ಲಿಗೆ, ಐದನೇ ವಾರಕ್ಕೆ ಗೇಟು. ಇಪ್ಪತ್ತನಾಲ್ಕನೇ ವಾರಕ್ಕೆ ತಿರುವು. ಅವರ ಹುಬ್ಬು ಮೇಲೇರಿತು.

“ಏನ್ ಟೀಚರೇ, ವರ್ಷ ಪೂರ್ತಿ ನಡೆದ್ರೂ ಈ ಬೀದಿ ದಾಟಲ್ವಲ್ಲ. ಪುಸ್ತಕದಲ್ಲಿ ಪೊಲೀಸು, ಕೋರ್ಟು ಎಲ್ಲ ಇದೆ.”

ಟೀಚರ್ ಗೋಡೆಯ ಮೇಲಿನ ಚಾರ್ಟುಗಳನ್ನು ಒಂದು ಸಲ ಓದಿ ಸಾರ್ ಎಂದು ಕೇಳಿಕೊಂಡಳು. ಅಧ್ಯಕ್ಷರು ಆ ಪುಟ್ಟ ಕುರ್ಚಿಯಿಂದ ನಕ್ಷತ್ರ ನೋಡುವವರ ಹಾಗೆ ಕತ್ತು ಎತ್ತಿದರು. ಇಷ್ಟು ಮೇಲೆ ಯಾರು ಹಾಕಿದ್ದು ಎಂದು ರೇಗಿದರು. ನಾನೇ ಸಾರ್, ಒಂಬತ್ತು ವರ್ಷದಿಂದ, ನನಗೆ ಕಾಣುವ ಹಾಗೆ ಎಂದಳು ಅವಳು. ಹೆಡ್ ಮೇಡಂ ಕೆಮ್ಮಿದರು. ಆಮೇಲೆ ಟೀಚರ್ ಇಪ್ಪತ್ತನಾಲ್ಕನೇ ವಾರದ ಹಾಳೆ ತೆಗೆದು ಬೀಗದ ಕೈಯವನದೂ ಮಗುವಿನದೂ ಮಾತನ್ನು ಓದಿದಳು, ಒಂದಕ್ಷರ ಸೇರಿಸದೆ. ಪೊಲೀಸು ಕೋರ್ಟು ಎಲ್ಲ ಇಲ್ಲೇ ಶುರು ಸಾರ್, ಬೇರೆಯವರದ್ದು ನಮ್ಮ ಕೈಲಿದ್ದಾಗ ಹೇಗಿರಬೇಕು ಅನ್ನೋದರಿಂದ ಎಂದಳು.

ಅಧ್ಯಕ್ಷರು ಹಾಳೆಯನ್ನು ಇಸಿದುಕೊಂಡು ತಾವೇ ಇನ್ನೊಮ್ಮೆ ಓದಿದರು. “ನನ್ನ ಮನೆ ಬೀಗದ ಕೈನೂ ಅವನೇ ಮಾಡಿದ್ದು,” ಎಂದರು ನಿಧಾನವಾಗಿ. “ಈ ಪ್ರಶ್ನೆ ನನಗೆ ಬಂದೇ ಇರಲಿಲ್ಲ.” ಕೊನೆಯ ಹಾಳೆಗಳಿಗೆ ಬಂದಾಗ ತಿರುವುತ್ತಿದ್ದ ಕೈ ತಡೆಯಿತು. ಇಪ್ಪತ್ತನಾಲ್ಕು ವಾರ ಸರಿ, ಮಿಕ್ಕ ಆರು ಹಾಳೆ ಖಾಲಿ ಬಿಟ್ಟಿದ್ದೀರಲ್ಲ ಎಂದರು.

“ಅದು ಮಡಿಕೆ ಸಾರ್. ಬೆಳೆಯೋ ಮಕ್ಕಳಲ್ವಾ, ಅವರು ಏನು ಕೇಳ್ತಾರೋ ನೋಡಿ ಬಿಚ್ಚಬೇಕು.”

ಅಧ್ಯಕ್ಷರು ಏಳಲು ಹೋದರೆ ಕುರ್ಚಿಯೂ ಜೊತೆಗೇ ಎದ್ದಿತು. ಅದನ್ನು ಬಿಡಿಸಿಕೊಂಡು, ಪುಸ್ತಕದ ಆರ್ಡರ್ ನಿಲ್ಲಿಸಿ ಎಂದು ಹೆಡ್ ಮೇಡಂಗೆ ಹೇಳಿದರು. ಎಲ್ಲರೂ ಹೋದ ಮೇಲೆ ಹೆಡ್ ಮೇಡಂ ತಾವೇ ಸ್ಟೂಲು ತಂದು, ಮೊದಲ ಚಾರ್ಟಿನ ಮೊಳೆ ಕಿತ್ತು, ಮಕ್ಕಳ ಕಣ್ಣು ಎಷ್ಟು ಇಂಚಿಗೆ ಎಂದು ಕೇಳಿದರು.

ಮನೆಯಲ್ಲಿ ಅತ್ತೆ ಕೈ ಒರೆಸಿಕೊಂಡು ಹಾಳೆಗಳನ್ನು ತೆಗೆದುಕೊಂಡರು. ಮೊದಲ ಪುಟದಲ್ಲಿ ಬರೆದವರು ಎಂಬುದರ ಕೆಳಗೆ ಅಳತೆ ಕೊಟ್ಟವರು ಎಂದೂ ಒಂದು ಸಾಲಿತ್ತು. ಅದನ್ನು ಓದಿದರೋ ಇಲ್ಲವೋ, ಮುಖ ನೋಡಿದರೆ ಗೊತ್ತಾಗಲಿಲ್ಲ. ನೇರ ಕೊನೆಗೆ ಹೋಗಿ ಖಾಲಿ ಹಾಳೆ ಎಣಿಸಿದರು. ಆರು. ಇಡೀ ಕಟ್ಟನ್ನು ಕೈ ಚಾಚಿ ದೂರ ಹಿಡಿದರು.

“ಹ್ಞೂಂ.”

ಸೊಸೆ ಒಲೆಯ ಕಡೆ ತಿರುಗಿಕೊಂಡಳು. ಟೀ ಉಕ್ಕಿ ಹೋಗುತ್ತಿದ್ದರೂ ಅವಳಿಗೆ ಕಾಣಲಿಲ್ಲ.

ಹಿಂದೆ ಮಷೀನು ಶುರುವಾಯಿತು. ದಪ್ಪ ದಾರ ಹಾಕಿ ಅತ್ತೆ ಮೂವತ್ತು ಹಾಳೆಯನ್ನೂ ಸೇರಿಸಿ ಅಂಚಿಗೆ ಹೊಲಿಗೆ ಹಾಕುತ್ತಿದ್ದರು, ಬೇಕಾದಾಗ ಬಿಚ್ಚಲು ಬರುವಷ್ಟು ಸಡಿಲವಾಗಿ. ಬಾಗಿಲಲ್ಲಿ ಯಾರೋ ಬಂದು ರವಿಕೆ ಆಯಿತೇ ಎಂದು ಕೇಳಿದರು.

“ಆಗಿಲ್ಲಮ್ಮ, ನಾಡಿದ್ದು ಬಾ,” ಎಂದರು ಅತ್ತೆ ತಲೆ ಎತ್ತದೆ. “ಶಾಲೆದು ಅರ್ಜೆಂಟ್ ಕೆಲಸ ಬಂದಿದೆ.”