ಅಳಿಯದ ತಟ್ಟೆ

ಒಂದು ಊರಿನಲ್ಲಿ ಮೇಲಿನ ಕೇರಿ, ಕೆಳಗಿನ ಕೇರಿ ಎಂದು ಎರಡು ಭಾಗ, ನಡುವೆ ಒಂದು ಕೊಳ. ಬೇಸಿಗೆಯಲ್ಲಿ ನೀರು ಉಳಿಯುತ್ತಿದ್ದುದು ಅದರಲ್ಲಿ ಮಾತ್ರ. ಬಹಳ ವರ್ಷ ಜಗಳವಾಡಿ ಸುಸ್ತಾದ ಮೇಲೆ ಊರಸಭೆ ತೀರ್ಮಾನಿಸಿತು: ಕೊಳ ಎರಡೂ ಕೇರಿಗೆ ಸೇರಿದ್ದು. ಎಲ್ಲರೂ ಕೈಯೆತ್ತಿದರು. ಮೇಲಿನ ಕೇರಿಯ ಯಜಮಾನರ ಕೈ ಮಾತ್ರ ಎಲ್ಲರಿಗಿಂತ ಕೊನೆಗೆ ಎದ್ದಿತು.

ಆ ಊರಿನವರು ಕಾಗದದ ಸಹವಾಸ ಬಿಟ್ಟು ಎಲ್ಲವನ್ನೂ ಕಂಪ್ಯೂಟರಿನಲ್ಲೇ ಇಡುತ್ತಿದ್ದರು. ಅದು ಕೆಟ್ಟರೆ ಗತಿಯೇನು? ತೀರ್ಮಾನದ ಇನ್ನೊಂದು ಪ್ರತಿ ಬೇಕೆಂದು ಮಾತು ಬಂತು.

"ಟೇಪು ಅಗ್ಗ, ಅದರಲ್ಲೇ ಇಡಿ" ಎಂದರು ಯಜಮಾನರು.

ಕೆಳಗಿನ ಕೇರಿಯ ದೇವೀರಮ್ಮ ಎದ್ದು ನಿಂತಳು. ಆ ಕೊಳದ ಮೆಟ್ಟಿಲಿನಿಂದ ಎಷ್ಟೋ ಸಲ ಬರಿಗೊಡ ಹೊತ್ತು ಹಿಂದಿರುಗಿದವಳು. "ಅಗ್ಗದ್ದು ಅಳಿಸಿಹೋದ್ರೆ ಆಮೇಲೆ ನಾವು ಯಾರ ಬಾಗಿಲು ತಟ್ಟಾಣ?"

ಕಂಪ್ಯೂಟರ್ ನೋಡಿಕೊಳ್ಳುವ ಗುಮಾಸ್ತ ಗಂಟಲು ಸರಿಮಾಡಿಕೊಂಡ. "ಮ್ಯಾಗ್ನೆಟೋ-ಆಪ್ಟಿಕಲ್ ತಟ್ಟೆ ಅಂತ ಒಂದಿದೆ. ಲೇಸರಿನಲ್ಲಿ ಕಾಯಿಸಿದಾಗ ಮಾತ್ರ ಅದು ಅಯಸ್ಕಾಂತದ ಮಾತು ಕೇಳುತ್ತೆ. ತಣ್ಣಗಾದ ಮೇಲೆ ಪಕ್ಕದಲ್ಲೇ ಅಯಸ್ಕಾಂತ ಇಟ್ಟರೂ ಜಗ್ಗಲ್ಲ. ಮೊಮ್ಮಕ್ಕಳ ಕಾಲಕ್ಕೂ ಉಳಿಯುತ್ತೆ."

"ದೋಷ ಹೇಳಪ್ಪ" ಎಂದರು ಯಜಮಾನರು.

"ಬರೆಯೋದು ನಿಧಾನ. ಮೊದಲು ಅಳಿಸುತ್ತೆ, ಆಮೇಲೆ ಬರೆಯುತ್ತೆ, ಮತ್ತೆ ಓದಿ ನೋಡುತ್ತೆ. ಬೆಲೆಯೂ ಜಾಸ್ತಿ. ಮತ್ತೆ, ಡ್ರೈವ್ ಅಂತ ಅದರದೇ ಒಂದು ಪೆಟ್ಟಿಗೆ ಇದೆ, ಅದಿಲ್ಲದೆ ಓದಕ್ಕಾಗಲ್ಲ."

ಬೆಲೆ ಎಂದ ಕೂಡಲೇ ಗದ್ದಲವೆದ್ದಿದ್ದರಿಂದ ಕೊನೆಯ ಮಾತು ಯಾರ ಕಿವಿಗೂ ಬೀಳಲಿಲ್ಲ.

ಕೆಳಗಿನ ಕೇರಿಯವರು ತಾವೇ ಹಣ ಹಾಕಿ ತಟ್ಟೆಯನ್ನೂ ಅದಕ್ಕೆ ಬರೆಯುವ ಡ್ರೈವನ್ನೂ ತರಿಸಿದರು. ತೀರ್ಮಾನ ನಿಧಾನವಾಗಿ, ಅಚ್ಚುಕಟ್ಟಾಗಿ ಅದರಲ್ಲಿ ಕೂತಿತು. ತಟ್ಟೆಗೊಂದು ಬೆಳ್ಳಿಯ ಡಬ್ಬಿ ಬಂತು. ಪ್ರತಿ ಆಯುಧಪೂಜೆಗೂ ಡಬ್ಬಿಗೆ ಗಂಧ, ಕುಂಕುಮ, ಚೆಂಡುಹೂವು. ಮೊದಮೊದಲು ಡ್ರೈವಿಗೂ ಒಂದು ಬೊಟ್ಟು ಸಿಗುತ್ತಿತ್ತು. ಆಮೇಲೆ ಅದರ ಮೇಲೆ ಊದುಬತ್ತಿಯ ಕಟ್ಟು ಇಡತೊಡಗಿದರು.

ವರ್ಷಗಳು ಕಳೆದವು. ಒಂದು ಸಲ ಕಚೇರಿಗೆ ಸುಣ್ಣ ಹೊಡೆಸುವಾಗ ಯಜಮಾನರು ಕೇಳಿದರು: "ಕೆಲಸವಿಲ್ಲದ ಈ ಪೆಟ್ಟಿಗೆ ಗುಜರಿಗೆ ಹಾಕಾಣ್ವಾ, ದೇವೀರಮ್ಮ?"

"ತಟ್ಟೆ ಭದ್ರವಾಗಿದ್ರೆ ಸಾಕು ಬಿಡಿ ಯಜಮಾನ್ರೇ" ಎಂದಳು ಅವಳು. ಅವರು ತನ್ನನ್ನು ಕೇಳಿದರಲ್ಲ ಎಂದು ಅವಳಿಗೆ ಖುಷಿಯೂ ಆಯಿತು. ಡ್ರೈವ್ ಗುಜರಿಗೆ ಹೋಯಿತು.

ಒಂದು ಬೇಸಿಗೆ ಸಿಡಿಲು ಬಡಿದು ಕಂಪ್ಯೂಟರ್ ಸುಟ್ಟುಹೋಯಿತು. ಅಂದು ಕೈಯೆತ್ತಿದವರಲ್ಲಿ ಹಲವರು ತೀರಿಹೋಗಿದ್ದರು, ಉಳಿದವರಿಗೆ ಮರೆಯುವುದೇ ಅನುಕೂಲವಾಗಿತ್ತು. ಆ ವಾರವೇ ಕೊಳದ ಮೆಟ್ಟಿಲ ಬಾಗಿಲಿಗೆ ಬೀಗ ಬಿತ್ತು. ದೇವೀರಮ್ಮ ಬೆಳ್ಳಿಯ ಡಬ್ಬಿ ಹಿಡಿದು ಯಜಮಾನರ ಮುಂದೆ ನಿಂತಳು.

ಅವರು ಚಪ್ಪಲಿ ಕಳಚಿ ಡಬ್ಬಿಯನ್ನು ಕಣ್ಣಿಗೊತ್ತಿಕೊಂಡರು. "ಇದರಲ್ಲಿ ಏನಿದೆಯೋ ಅದಕ್ಕೆ ನಾನು ತಲೆಬಾಗ್ತೀನಿ. ಓದಿಸಮ್ಮ."

ಅವಳು ಊರೂರು ಅಲೆದಳು. ಅಂಥ ಡ್ರೈವ್ ಮಾಡುವುದನ್ನೇ ನಿಲ್ಲಿಸಿ ಬಹಳ ಕಾಲವಾಗಿತ್ತು. ಅಂಗಡಿಯವರು ತಟ್ಟೆಯನ್ನು ಬೆಳಕಿಗೆ ಹಿಡಿದು, "ಹೊಸದರ ಹಾಗಿದೆ, ಏನೂ ಆಗಿಲ್ಲ" ಎಂದು ಹೊಗಳಿ ವಾಪಸು ಕೊಟ್ಟರು. ಬರಿಗೊಡವೇ ವಾಸಿಯಿತ್ತು ಎನಿಸಿ ಅವಳು ಬಸ್ಸಿನಲ್ಲಿ ಕೂತು ಅತ್ತಳು.

ಯಜಮಾನರೇನೂ ಮಾತು ತಪ್ಪಲಿಲ್ಲ. ಮುಂದಿನ ಸಭೆಯಲ್ಲಿ ಅವರೇ ಹೇಳಿದರು: "ಅದರಲ್ಲಿ ಒಂದಕ್ಷರವೂ ಅಳಿಯಬಾರದು. ಡಬ್ಬಿಗೆ ಚಿನ್ನದ ತಗಡು ಹೊದಿಸೋಣ, ಖರ್ಚು ನನ್ನದು." ಒಪ್ಪುವವರು ಕೈಯೆತ್ತಬೇಕಾಗಿತ್ತು. ಈ ಸಲ ಎಲ್ಲರಿಗಿಂತ ಮೊದಲು ಎದ್ದದ್ದು ಅವರ ಕೈ. ಅದರ ಕಿರುಬೆರಳಿನಲ್ಲಿ ಕೊಳದ ಬೀಗದ ಕೈ ತೂಗುತ್ತಿತ್ತು.