ಅಳುವುದಕ್ಕೊಂದು ಮರೆ

ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಎಲ್ಲರೂ 'ಅಜ್ಜಿ' ಎಂದು ಕರೆಯುತ್ತಿದ್ದ ಹುಡುಗಿಗೆ ಎಂಟು ವರ್ಷ. ಔಷಧಿಗೆ ತಲೆಗೂದಲೆಲ್ಲ ಉದುರಿತ್ತು, ಮುಂದಿನ ಎರಡು ಹಲ್ಲು ಬಿದ್ದಿದ್ದವು, ಮಾತು ಮಾತ್ರ ಏಳು ಕೆರೆ ನೀರು ಕುಡಿದವಳದು. ಹಾಗಾಗಿ ಹೆಸರು ತಾನಾಗಿ ಅಂಟಿಕೊಂಡಿತ್ತು. ಅವಳ ಬೆನ್ನುಮೂಳೆಯೊಳಗೆ ಗಡ್ಡೆ ಬೆಳೆಯುತ್ತಿತ್ತು. ಆ ಮಾತನ್ನು ಅವಳೆದುರು ಯಾರೂ ಎತ್ತುತ್ತಿರಲಿಲ್ಲ. ಎತ್ತುತ್ತಿದ್ದವಳು ಅವಳೇ.

ಕಟ್ಟಡದ ನಡುವಿನ ಪಾಳು ಅಂಗಳದಲ್ಲಿ ಕಾಯಿಲೆಯ ಮಕ್ಕಳಿಗಾಗಿ ತೋಟ ಮಾಡಲು ಒಬ್ಬಾಕೆ ಬಂದಳು. ಮೊದಲ ದಿನ ಅವಳು ಗಿಡಗಳ ಬುಟ್ಟಿ ಹಿಡಿದು ವಾರ್ಡಿಗೆ ಕಾಲಿಟ್ಟಾಗ ಅಜ್ಜಿ ಕತ್ತು ಎತ್ತಿ ನೋಡಿದಳು.

"ಅದರಲ್ಲಿ ಗಡ್ಡೆ ಗಿಡ ಇದೆಯಾ?"

"ಇಲ್ಲ ಪುಟ್ಟಾ. ಯಾಕೆ?"

"ನನ್ನ ಬೆನ್ನಲ್ಲೊಂದಿದೆ. ನೀರು ಹಾಕದೇನೇ ಬೆಳೀತಿದೆ."

"ಅಜ್ಜೀ, ಬಾಯಿಗೆ ಬೀಗ," ಎಂದು ದೊಡ್ಡ ಸಿಸ್ಟರ್ ಗದರಿದರು. ಹುಡುಗಿಯ ತಾಯಿ ಕಿಟಕಿಯ ಕಡೆ ತಿರುಗಿ ಲೋಟ ತೊಳೆಯತೊಡಗಿದಳು. ಲೋಟ ಆಗಲೇ ಶುಭ್ರವಾಗಿತ್ತು. ಬುಟ್ಟಿ ಹಿಡಿದು ಬಂದವಳು ನಕ್ಕುಬಿಟ್ಟಳು. ಆ ನಗುವಿಗೇ ಅಜ್ಜಿ ಅವಳನ್ನು ಒಪ್ಪಿಕೊಂಡಳೆಂದು ಕಾಣುತ್ತದೆ. ಅಂದಿನಿಂದ ಅವಳು 'ಗಿಡದತ್ತೆ'ಯಾದಳು.

ಗಿಡದತ್ತೆಗೆ ಐವತ್ತು ದಾಟಿತ್ತು. ಹೋಟೆಲುಗಳಿಗೆ, ಉಳ್ಳವರ ಬಂಗಲೆಗಳಿಗೆ ನೋಡಿ ಹೋಗುವಂಥ ತೋಟಗಳನ್ನು ಮಾಡಿ ಪಳಗಿದ ಕೈ. ಇದು ಮುಟ್ಟುವ, ಮೂಸುವ, ಕೇಳಿಸಿಕೊಳ್ಳುವ ತೋಟ. ಇದರ ಕಟ್ಟಳೆಗಳೇ ಬೇರೆ. ಮಣ್ಣಿನ ಬೂಷ್ಟು ಈ ಮಕ್ಕಳ ಎದೆಗೆ ವಿಷ, ಆದ್ದರಿಂದ ಬರಿಮಣ್ಣು ಕಾಣದಂತೆ ತೊಳೆದ ಬೆಣಚುಕಲ್ಲು ಹೊದಿಸಬೇಕು. ನೀರು ನಿಂತರೆ ಸೋಂಕು, ಹರಿಯುತ್ತಲೇ ಇರಬೇಕು. ಹಾದಿಯಲ್ಲಿ ಕಲ್ಲಿನ ಸಂದು ಇರಕೂಡದು, ಗಾಲಿ ಇಷ್ಟು ಕುಲುಕಿದರೂ ಮೂಳೆಯೊಳಗೆ ನೋವು ಏಳುತ್ತದೆ. ಘಮ್ಮೆನ್ನುವ ಹೂವಂತೂ ಬೇಡವೇ ಬೇಡ. ಔಷಧಿ ಹತ್ತಿದ ಹೊಟ್ಟೆಗೆ ಮಲ್ಲಿಗೆಯೂ ವಾಂತಿ ತರಿಸುತ್ತದೆ.

ಗಿಡಗಳ ಪರೀಕ್ಷಕಿ ಅಜ್ಜಿಯೇ. ತುಪ್ಪಳದಂಥ ಎಲೆಯನ್ನು ಬೆರಳಲ್ಲಿ ಸವರಿ, "ಬೆಕ್ಕಿನ ಕಿವಿ. ಪಾಸು," ಎನ್ನುವಳು. ಇನ್ನೊಂದನ್ನು ಮೂಸಿ, "ಸಿಸ್ಟರ್ ಕೈ ತೊಳೆಯೋ ಸೋಪು. ಫೇಲು!" ಪುದೀನ ಕೃಪಾಂಕದಲ್ಲಿ ಪಾಸಾಯಿತು. ಆದರೆ ಅವಳ ಮನಸ್ಸು ನೆಟ್ಟಿದ್ದು ಗಿಡದ ಮೇಲಲ್ಲ.

"ನೀರು ಎಲ್ಲಿಂದ ಬರತ್ತೆ ಗಿಡದತ್ತೆ?"

"ತೊಟ್ಟಿ ಮೇಲೊಂದು ಕೊಳವೆ ಇರತ್ತೆ. ಅದರಿಂದ."

"ಅದಕ್ಕೆ ಅಂಗೈ ಅಡ್ಡ ಇಟ್ರೆ?"

"ಚಿಮ್ಮತ್ತೆ."

"ಡಾಕ್ಟರ್ ಬೂಟಿನ ತನಕ?"

"ಗುರಿ ಸರಿಯಾಗಿದ್ರೆ ಪ್ಯಾಂಟಿನ ತನಕ."

ಅಜ್ಜಿ ಕಣ್ಣು ಮುಚ್ಚಿ ಆ ದೃಶ್ಯವನ್ನು ನೋಡಿ ಆನಂದಿಸಿದಳು. ಗಿಡದತ್ತೆ ಟೇಪು ತೆಗೆದು, ಗಾಲಿಕುರ್ಚಿಯಲ್ಲಿ ಕುಳಿತವಳ ಕೈ ಎಷ್ಟು ಚಾಚುತ್ತದೆಂದು ಅಳೆದಳು. ಕೊಳವೆಯ ಎತ್ತರ ಆ ತೋಳಿನ ಅಳತೆಗೆ, ನೀರಿನ ರಭಸ ಆ ಅಂಗೈಯ ಶಕ್ತಿಗೆ. ತೋಟದ ಮೊದಲ ನೀರನ್ನು ತಡೆಯುವ ಹಕ್ಕು ಅಜ್ಜಿಯದೇ ಎಂದು ಮಾತಾಯಿತು.

ನಕ್ಷೆ ತಯಾರಾದ ದಿನ ಗಿಡದತ್ತೆ ಅದನ್ನು ಅಜ್ಜಿಯ ತಾಯಿಗೆ ತೋರಿಸಲೆಂದು ಕಾಯುವ ಕೋಣೆಯ ಮೇಜಿನ ಮೇಲೆ ಹರಡಿದಳು. ತೊಟ್ಟಿಯ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಉದ್ದನೆಯ ಚೌಕವೊಂದನ್ನು ಬರೆದಿದ್ದಳು. ಅದು ಗಾಲಿ ಮಂಚ. ಇಂಥ ಕಡೆ ಕೂತು ಬರುವ ಮಕ್ಕಳು ಒಂದು ದಿನ ಮಲಗಿ ಬರುತ್ತಾರೆ ಎಂಬುದು ಅವಳಿಗೆ ಗೊತ್ತಿತ್ತು. ಅದಕ್ಕೆಂದೇ ಹಾದಿಯನ್ನು ಅಗಲವಾಗಿ, ನೇರವಾಗಿ ಎಳೆದಿದ್ದಳು.

ತಾಯಿಯ ಬೆರಳು ನಕ್ಷೆಯ ಮೇಲೆ ಹರಿದು ಆ ಚೌಕಕ್ಕೆ ಬಂದು ನಿಂತಿತು. ಮಗಳ ಚರ್ಮಕ್ಕೆ ತಾಗೀತೆಂದು ಉಗುರನ್ನು ಮಾಂಸದವರೆಗೂ ಕತ್ತರಿಸಿಕೊಂಡ ಬೆರಳು.

"ಇದೇನಕ್ಕಾ, ಇಷ್ಟುದ್ದ?"

ಗಿಡದತ್ತೆ ಹುಟ್ಟಿದ ಮನೆಯಲ್ಲೂ ಸೇರಿದ ಮನೆಯಲ್ಲೂ ಯಾರ ಮನಸ್ಸನ್ನೂ ನೋಯಿಸದವಳೆಂದು ಹೆಸರು ಪಡೆದವಳು. ತನ್ನ ಅತ್ತೆಯ ಕಣ್ಣು ಮಂಜಾಗುತ್ತಿದ್ದಾಗ ಬಲ್ಬೇ ಸರಿಯಿಲ್ಲ ಎಂದು ಹೇಳಿ ಬಲ್ಬು ಬದಲಾಯಿಸಿದವಳು. ಆ ನಾಲಿಗೆ ಈಗಲೂ ತಡವರಿಸಲಿಲ್ಲ.

"ಬೆಂಚು," ಎಂದಳು.

ತಾಯಿಯ ಬೆರಳು ಚೌಕದ ಗೆರೆಗಳ ಮೇಲೆ ಒಂದು ಸುತ್ತು ಬಂತು. ಆಮೇಲೆ ದನಿ ತಗ್ಗಿಸಿ, "ಬೆಂಚಾದ್ರೆ ಅದರ ಸುತ್ತ ಒಂದು ಗೋಡೆ ಎಬ್ಬಿಸ್ತೀರಾ? ವಾರ್ಡಿನ ಕಿಟಕಿಗೆ ಕಾಣದ ಹಾಗೆ. ಅಳೋಕೆ ಒಂದು ಜಾಗ ಬೇಕಕ್ಕಾ. ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಅತ್ತೂ ಅತ್ತೂ ಸಾಕಾಯ್ತು. ಆಚೆ ಬಂದ್ರೆ ಅವಳು, ಅಮ್ಮಾ ಎಷ್ಟು ಸ್ನಾನ ಮಾಡ್ತೀಯ ಅಂತಾಳೆ," ಎಂದಳು.

ಬೇಡವೆನ್ನುವುದು ಹೇಗೆ? ಅಂದು ಮನೆಗೆ ಹೋಗಿ ಗಿಡದತ್ತೆ ರಬ್ಬರು ಹಿಡಿದು ಕೂತಳು. ಮಂಚವನ್ನು ಅಳಿಸಿ ಅದೇ ಜಾಗದಲ್ಲಿ ಬೆಂಚು ಬರೆದಳು. ಬೆಂಚಿನ ಸುತ್ತ ತೊಟ್ಟಿಯ ಕಡೆ ಮಾತ್ರ ತೆರೆದ ಗೋಡೆ, ಗೋಡೆಯನ್ನು ಬಳಸಿಕೊಂಡು ಹೋಗುವ ಹಾದಿಗೊಂದು ತಿರುವು. ಗಾಲಿಕುರ್ಚಿ ಸಲೀಸಾಗಿ ತಿರುಗುತ್ತಿತ್ತು. ಮಂಚ ತಿರುಗುತ್ತಿರಲಿಲ್ಲ. ಅದು ಅವಳಿಗೆ ಬರೆಯುವಾಗಲೇ ಗೊತ್ತಿತ್ತು. ಗೊತ್ತಿದ್ದದ್ದನ್ನು ಮನಸ್ಸಿನ ಅಟ್ಟಕ್ಕೆ ಹತ್ತಿಸಿ ಏಣಿ ತೆಗೆದಿಟ್ಟಳು. ಕೆಲಸ ನಡೆಯುವಾಗ ದೊಡ್ಡ ಸಿಸ್ಟರ್ ಒಮ್ಮೆ, "ಬೆಡ್ಡು ತಿರುಗತ್ತಾ ಇಲ್ಲಿ?" ಎಂದು ಕೇಳಿದರು. ಪಕ್ಕದಲ್ಲಿ ತಾಯಿ ನಿಂತಿದ್ದಳು. "ಅದನ್ನ ಆಮೇಲೆ ನೋಡೋಣ," ಎಂದಳು ಗಿಡದತ್ತೆ. ಸಿಸ್ಟರಿಗೂ ತಾಯಿಯ ಮುಖದೆದುರು ಮಾತು ಬೆಳೆಸಲಾಗಲಿಲ್ಲ.

ಗೋಡೆ ಎದ್ದಿತು. ಸಿಮೆಂಟು ಒಣಗಿತು. ಬೆಕ್ಕಿನ ಕಿವಿಯ ಗಿಡ ಬೇರು ಹಿಡಿಯಿತು. ಕೊಳವೆಯಲ್ಲಿ ನೀರು ಬರುವ ಹೊತ್ತಿಗೆ ಅಜ್ಜಿಗೆ ಕೂರಲಾಗುತ್ತಿರಲಿಲ್ಲ.

"ಆದರೇನು, ಬೆಡ್ಡಲ್ಲೇ ಹೋಗ್ತೀನಿ. ಮಹಾರಾಣಿ ಥರ," ಎಂದಳು ಅಜ್ಜಿ. ಮಾತಿನ ನಡುನಡುವೆ ಉಸಿರಿಗಾಗಿ ನಿಲ್ಲುತ್ತಿದ್ದಳು. ಹಿಂದೆ ದೊಡ್ಡ ಸಿಸ್ಟರ್, ಪಕ್ಕದಲ್ಲಿ ತಾಯಿ. ಮಂಚ ವಾರ್ಡಿನ ಬಾಗಿಲು ದಾಟಿತು, ಇಳಿಜಾರು ಇಳಿಯಿತು, ನುಣ್ಣನೆಯ ಹಾದಿಯಲ್ಲಿ ಸದ್ದಿಲ್ಲದೆ ಸಾಗಿತು. ಗಿಡದತ್ತೆ ತಿರುವಿನಲ್ಲಿ ನಿಂತಿದ್ದಳು. ದೂರದಿಂದಲೇ ಕೈಯೆತ್ತಿ ತಡೆಯಬೇಕೆಂದುಕೊಂಡಳು. ಕೈ ಏಳಲಿಲ್ಲ.

ಮಂಚದ ತುದಿ ಗೋಡೆಗೆ ತಾಗಿತು. ಸಿಸ್ಟರ್ ಹಿಂದಕ್ಕೆಳೆದು ಓರೆ ಮಾಡಿದರು. ಮತ್ತೆ ತಾಗಿತು. ಪ್ರತಿ ಸಲ ತಾಗಿದಾಗಲೂ ಅಜ್ಜಿ ತುಟಿ ಕಚ್ಚುತ್ತಿದ್ದಳು.

"ಸಾಕು," ಎಂದಳು ತಾಯಿ. "ಎತ್ಕೊಂಡು ಹೋಗ್ತೀನಿ."

"ಎತ್ತೋ ಹಾಗಿಲ್ಲಮ್ಮಾ," ಎಂದರು ಸಿಸ್ಟರ್. "ಬೆನ್ನು ಗಾಜಿನ ಹಾಗಾಗಿದೆ."

ಗೋಡೆಯ ಆಚೆ ನೀರು ಸುರಿಯುವ ಸದ್ದು. ಇದ್ದದ್ದು ಒಂದು ಗೋಡೆಯ ದಪ್ಪದಷ್ಟು ದೂರ. ಗಿಡದತ್ತೆ ಓಡಿಹೋಗಿ ಬೋಗುಣಿಯೊಂದರಲ್ಲಿ ನೀರು ತಂದಳು. ತುಳುಕದಂತೆ ಹಿಡಿದು, ಹುಡುಗಿಯ ಕೈಯನ್ನು ಮೆಲ್ಲಗೆ ಅದರಲ್ಲಿ ಇಳಿಸಿದಳು. ಅಜ್ಜಿ ಬೆರಳಾಡಿಸಿದಳು. ಅಂಗೈಯನ್ನು ಅಡ್ಡ ಹಿಡಿದು ನೋಡಿದಳು.

"ಇದು ಆಗಲೇ ನಿಂತಿದೆಯಲ್ಲ ಗಿಡದತ್ತೆ. ಇದನ್ನೇನು ತಡೀಲಿ?"

ಗಿಡದತ್ತೆ ಬೋಗುಣಿಯನ್ನು ಕೆಳಗಿಟ್ಟಳು.

"ಗೋಡೆ ಒಡೆಸ್ತೀನಿ ಪುಟ್ಟಾ. ಆದಷ್ಟು ಬೇಗ. ಆಮೇಲೆ..."

"ಬಿಡು. ನಾನು ಚಿಕ್ಕವಳಾಗಿದ್ದಾಗಲೇ ಬರಬೇಕಿತ್ತು," ಎಂದಳು ಅಜ್ಜಿ, ಸಮಾಧಾನ ಹೇಳುವ ದನಿಯಲ್ಲಿ. ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಆಚೆಯ ಸದ್ದು ಕೇಳಿದಳು. "ಜೋರಾಗೇ ಇದೆ. ಡಾಕ್ಟರ್ ಬಚಾವಾದ್ರು." ಕೈ ಒರೆಸಿಕೊಳ್ಳಲು ತಾನೇ ಚಾದರ ಹುಡುಕಿದಳು. ತಾಯಿ ತನ್ನ ಬಟ್ಟೆಯ ಅಂಚಿನಿಂದ ಒಂದೊಂದೇ ಬೆರಳು ಒರೆಸಿದಳು. ಅವಳ ಮುಖ ಒಣಗಿದ ಹಲಗೆಯ ಹಾಗಿತ್ತು. ಅಳುವುದಕ್ಕೆ ಕಟ್ಟಿಸಿಕೊಂಡ ಜಾಗ ಎದುರಿಗೇ ಇತ್ತು, ಮಗಳೂ ಎದುರಿಗೇ ಇದ್ದಳು.

ಒಡೆದರೆ ಧೂಳು. ವಾರ್ಡಿನ ಕಿಟಕಿಗಳಿಗೆಲ್ಲ ಪ್ಲಾಸ್ಟಿಕ್ ಹೊದಿಸಬೇಕು, ಆಡಳಿತದವರು ಒಪ್ಪಬೇಕು. ಗಿಡದತ್ತೆ ಆ ಕೋಣೆಯಿಂದ ಈ ಕೋಣೆಗೆ ಅಲೆದಳು, ತಪ್ಪು ತನ್ನದೇ ಎಂದು ಎಲ್ಲರೆದುರೂ ಹೇಳಿದಳು. ಒಪ್ಪಿಗೆ ಸಿಕ್ಕಿತೆಂದು ಹೇಳಲು ವಾರ್ಡಿಗೆ ಓಡಿಬಂದಾಗ ಅಜ್ಜಿಯ ಮಂಚದ ಚಾದರ ಬದಲಾಗಿತ್ತು. ದೊಡ್ಡ ಸಿಸ್ಟರ್ ದಿಂಬಿಗೆ ಹೊಸ ಗವಸು ಹಾಕುತ್ತಿದ್ದರು. ತಲೆಯೆತ್ತಲಿಲ್ಲ.

ಗೋಡೆ ಒಡೆಯುವ ದಿನ, ಉಳಿದ ಸಾಮಾನು ಒಯ್ಯಲು ತಾಯಿ ಬಂದಳು. ಒಂದು ಲೋಟ, ಮಗಳದೊಂದು ಜೊತೆ ಚಪ್ಪಲಿ. ಅವನ್ನು ಹಿಡಿದುಕೊಂಡೇ ಅಂಗಳಕ್ಕಿಳಿದಳು. ಮೇಸ್ತ್ರಿ ಸುತ್ತಿಗೆ ತೆಗೆದು ಹೊರಟವನು ಅವಳನ್ನು ಕಂಡು ಪಕ್ಕಕ್ಕೆ ಸರಿದ. ತಾಯಿ ಗೋಡೆಯ ಒಳಗೆ ಹೋಗಿ ಬೆಂಚಿನ ಮೇಲೆ ಕೂತಳು.

"ಒಂದ್ಸಲಾನೂ ಇಲ್ಲಿ ಕೂತಿರಲಿಲ್ಲ ನೋಡಿ. ಪುರುಸೊತ್ತೇ ಆಗ್ಲಿಲ್ಲ."

ಗಿಡದತ್ತೆ ಎದುರಿಗೆ ನಿಂತಳು. "ಅವತ್ತು ನಾನು ಬೆಂಚು ಅಂದೆನಲ್ಲ, ಅದು..."

"ಬೆಡ್ಡು. ಗೊತ್ತಿತ್ತು. ದಿಂಬಿನ ಜಾಗದಲ್ಲಿ ಒಂದು ಗೆರೆ ಎಳೆದಿದ್ರಿ. ಬೆಂಚಿಗೆ ಯಾರಾದ್ರೂ ದಿಂಬು ಬರೀತಾರಾ?"

"ಮತ್ತೆ ಯಾಕೆ..."

"ನೀವು ಬೆಂಚು ಅಂದ್ರಿ. ಬೆಂಚೇ ಇರಬಾರದಾ ಅನ್ನಿಸ್ತು. ಆ ಮಾತು ಗಟ್ಟಿಯಾಗ್ಲಿ ಅಂತ ಗೋಡೇನೂ ಕೇಳಿದೆ." ಚಪ್ಪಲಿಯನ್ನು ಮಡಿಲಲ್ಲಿ ಜೋಡಿಸಿಟ್ಟುಕೊಂಡಳು. "ಪೂರ್ತಿ ಒಡೆಸಿ ಅಕ್ಕಾ. ಯಾರ ಕಣ್ಣು ತಪ್ಪಿಸೋಕೆ ಕೇಳಿದ್ನೋ ಅವಳೇ ಇಲ್ಲ. ಬೇರೆ ಅಮ್ಮಂದಿರಿಗೆ ಬೇಕಾದ್ರೆ ಬೇರೆ ಕಡೆ ಕಟ್ಟಿ. ಹಾದೀಲಿ ಬೇಡ."

ಬೈದಿದ್ದರೆ ಗಿಡದತ್ತೆಗೆ ಹಗುರಾಗುತ್ತಿತ್ತು. ಬೈಗುಳ ಬರಲಿಲ್ಲ. ಇಬ್ಬರೂ ಸೇರಿ ಹೇಳಿಕೊಂಡ ಸುಳ್ಳಿನ ನೆರಳಲ್ಲಿ ಒಬ್ಬಳು ಕೂತಿದ್ದಳು, ಒಬ್ಬಳು ನಿಂತಿದ್ದಳು.

ತಾಯಿ ಎದ್ದು ತೊಟ್ಟಿಯ ಹತ್ತಿರ ಹೋದಳು. ಕೊಳವೆ ಅವಳಿಗೆ ತಗ್ಗಾಯಿತು, ಬಗ್ಗಬೇಕಾಯಿತು. ಅಂಗೈ ಅಡ್ಡ ಇಟ್ಟಳು. ತಾಗಿಸಿದ್ದಷ್ಟೇ. ನೀರು ರಪ್ಪನೆ ಚಿಮ್ಮಿ ಬೆಂಚನ್ನು ದಾಟಿ ಗಿಡದತ್ತೆಯ ಕಾಲಿನವರೆಗೂ ಬಂತು. ತಾಯಿ ಬೆದರಿದವಳಂತೆ ಕೈ ಹಿಂದಕ್ಕೆಳೆದುಕೊಂಡಳು.

"ಇಷ್ಟು ಸುಲಭಾನಾ?"

ಗಿಡದತ್ತೆಯ ನಾಲಿಗೆಯ ತುದಿಗೆ ನಯವಾದ ಮಾತೊಂದು ಬಂತು. ನುಂಗಿಕೊಂಡಳು.

"ಹೌದು," ಎಂದಳು. "ಅವಳ ಕೈಗೆ ಆಗೋ ಹಾಗೇ ಮಾಡಿದ್ದು."

ತಾಯಿ ಮತ್ತೆ ಬೆಂಚಿಗೆ ಬಂದು ಕೂತಳು. ಗೋಡೆಗೆ ಬೆನ್ನು ಕೊಟ್ಟು, ಚಪ್ಪಲಿಗಳನ್ನು ಎದೆಗವಚಿಕೊಂಡು, ದನಿ ತೆಗೆದು ಅಳತೊಡಗಿದಳು. ಗೋಡೆಯ ಆಚೆ ಮೇಸ್ತ್ರಿ ಸುತ್ತಿಗೆಯನ್ನು ನೆಲಕ್ಕಿಟ್ಟು ಕಾದ. ಶುರು ಮಾಡೆಂದು ಅವನಿಗೆ ಯಾರೂ ಹೇಳಲಿಲ್ಲ.