ಮೊದಲ ಎರಡು ಕಿಲೋ

ಇಪ್ಪತ್ತು ವರ್ಷ ಓವನ್ನಿನ ಮುಂದೆ ಬೆಂದ ಹೆಂಗಸಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಅದರಲ್ಲಿ ಆಶ್ಚರ್ಯವೇನಿಲ್ಲ. ಈ ಬೇಕರಿಯವಳಿಗೆ ಕೋಪದ ಜೊತೆ ಭಯವೂ ಇತ್ತು. ಮಗಳಿಗೆ ಕಡಲೆಬೀಜದ ಪುಡಿ ಚೂರು ಸೋಕಿದರೂ ಗಂಟಲು ಕಟ್ಟಿಕೊಳ್ಳುತ್ತಿತ್ತು. ಹಾಗಾಗಿ ಮಗಳ ಕೇಕಿಗೆ ಅಂಗಡಿ ಹಿಟ್ಟು ಮುಟ್ಟಿಸುವಂತಿರಲಿಲ್ಲ. ಅಕ್ಕಿ ತೊಳೆದು, ಒಣಗಿಸಿ, ಹಿಟ್ಟಿನ ಗಿರಣಿಗೆ ಒಯ್ದು, ಮೊದಲು ಬಿದ್ದ ಎರಡು ಕಿಲೋ ಚೆಲ್ಲಿ, ಆಮೇಲಿನದನ್ನಷ್ಟೇ ಕೆಂಪು ಡಬ್ಬಿಗೆ ತುಂಬುತ್ತಿದ್ದಳು.

ಈ ಸಲ ಆರ್ಡರುಗಳ ಗಲಾಟೆಯಲ್ಲಿ ಮೈದುನನನ್ನು ಕಳಿಸಿದಳು. ಅವನೋ, ಬಿದ್ದ ಅಗುಳನ್ನೂ ಆರಿಸಿ ತಿನ್ನುವ ಆಸಾಮಿ.

“ಚೆನ್ನಾಗಿರೋ ಹಿಟ್ಟು ಯಾಕತ್ತಿಗೆ ಚೆಲ್ಲೋದು?” ಎಂದು ಕೇಳಿದ್ದ.

“ಹೇಳಿದಷ್ಟು ಮಾಡು. ತಲೆ ತಿನ್ಬೇಡ.”

ಸಂಜೆ ಮಗಳು ಕೇಕಿನ ಎರಡನೇ ತುತ್ತಿಗೇ ಕತ್ತು ಹಿಡಿದುಕೊಂಡಳು. ತುಟಿ ಊದಿತು, ಉಸಿರು ಸಿಳ್ಳೆ ಹೊಡೆಯತೊಡಗಿತು. ಬೇಕರಿಯವಳು ಅವಳನ್ನು ನೆಲಕ್ಕೆ ಕೆಡವಿ, ಮೊಣಕಾಲಲ್ಲಿ ಅದುಮಿ ಹಿಡಿದು, ಇಂಥ ಹೊತ್ತಿಗೆಂದೇ ಇಟ್ಟಿದ್ದ ಇಂಜೆಕ್ಷನ್ ಪೆನ್ನನ್ನು ಬಟ್ಟೆಯ ಮೇಲಿಂದಲೇ ತೊಡೆಗೆ ಚುಚ್ಚಿದಳು. ಹುಡುಗಿ ಒದ್ದಳು, ಅಮ್ಮನ ಕೈಯನ್ನು ರಕ್ತ ಬರುವಂತೆ ಕಚ್ಚಿದಳು. ಆಮೇಲೆ ಉಸಿರು ಸಲೀಸಾಗತೊಡಗಿತು. ಮೈದುನ ಆಂಬುಲೆನ್ಸಿಗೆ ಫೋನ್ ಮಾಡಿದ.

“ಮೊದಲ್ನೇ ಹಿಟ್ಟು ಏನ್ಮಾಡ್ದೆ?”

“ಅದನ್ನೂ ಡಬ್ಬಿಗೇ ಹಾಕ್ದೆ ಅತ್ತಿಗೆ. ಅನ್ನ ಚೆಲ್ಲೋಕೆ ಮನಸ್ಸು ಬರ್ಲಿಲ್ಲ.”

ಲಟ್ಟಣಿಗೆ ಅವನ ಬಾಯಿಗೆ ಅಪ್ಪಳಿಸಿತು. ಎರಡನೇ ಏಟು ಹೆಗಲಿಗೆ, ಮೂರನೆಯದು ಕಿವಿಗೆ. ಅವನು ಟ್ರೇಗಳ ಸಮೇತ ಉರುಳಿದ. ನೆಲದ ಹಿಟ್ಟು ರಕ್ತದಲ್ಲಿ ಕಲೆಸಿಕೊಂಡಿತು. ಹೆದರಿಸಲಿಕ್ಕಲ್ಲ, ಅವಳು ನಿಜಕ್ಕೂ ಅವನನ್ನು ಕೊಲ್ಲಬೇಕೆಂದೇ ಹೊಡೆಯುತ್ತಿದ್ದಳು.

“ಯಾಕೆ ಅಂತ ಕೇಳಿದ್ನಲ್ಲತ್ತಿಗೆ,” ಎಂದ ಅವನು, ಬಾಯಿಗೆ ಕೈ ಅಡ್ಡ ಹಿಡಿದು.

ಎತ್ತಿದ ಲಟ್ಟಣಿಗೆ ಎತ್ತಿದಂತೆಯೇ ನಿಂತಿತು.

ಆಂಬುಲೆನ್ಸಿನಲ್ಲಿ ಮಗಳು ಮುಖಕ್ಕೆ ಮಾಸ್ಕ್ ಹಾಕಿಸಿಕೊಂಡು ಮಲಗಿದ್ದಳು. ಉಸಿರು ಹದಕ್ಕೆ ಬಂದಿತ್ತು. ಎದುರು ಬೆಂಚಿನಲ್ಲಿ ಮೈದುನ ಬಾಯಿಗೆ ಟವೆಲ್ ಒತ್ತಿಕೊಂಡು ಕೂತಿದ್ದ. ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬಂದೀತೇ? ಅವನ ಮುಂದಿನ ಹಲ್ಲು ಬೇಕರಿಯವಳ ಮುಷ್ಟಿಯಲ್ಲಿತ್ತು. ಎಲ್ಲಿಂದ ಎತ್ತಿಕೊಂಡಳೋ ಅವಳಿಗೇ ಗೊತ್ತಿರಲಿಲ್ಲ.

“ನಮಗಿಂತ ಮುಂಚೆ ಯಾರೋ ಕಡಲೆಬೀಜ ಬೀಸಿರ್ತಾರೆ,” ಎಂದಳು. “ಅದರ ಪುಡಿ ಒಳಗೇ ಅಂಟ್ಕೊಂಡಿರುತ್ತೆ. ಮೊದಲ ಎರಡು ಕಿಲೋ ಅದನ್ನ ಒರೆಸ್ಕೊಂಡು ಬರುತ್ತೆ. ಅದಕ್ಕೇ ಚೆಲ್ಲೋದು.”

ಇಷ್ಟು ಹೇಳಲು ಅವಳಿಗೆ ಅರ್ಧ ನಿಮಿಷವೂ ಬೇಕಾಗಲಿಲ್ಲ.